ಹಡಗಿನಿಂದ ಇಳಿದ ಮೇಲೆ: ಬುಡಾಪೆಸ್ಟ್‌ನಿಂದ ಮ್ಯೂನಿಕ್‌ವರೆಗೆ ಮೂರು ಬಸ್ಸುಗಳ ವಿಮರ್ಶೆ

ಡ್ಯಾನ್ಯೂಬ್ ನದಿಯ ಹಡಗು ಪ್ರವಾಸ ಮುಗಿಸಿ ಬಂದವರು ಸಾಮಾನ್ಯವಾಗಿ ಹಡಗಿನ ಕೋಣೆ, ಊಟ, ದಡದ ಕೋಟೆಗಳ ಬಗ್ಗೆ ಬರೆಯುತ್ತಾರೆ. ಏಳನೆಯ ರಾತ್ರಿ ಕಳೆದು, ಬೆಳಗಿನ ಒಂಬತ್ತು ಗಂಟೆಯೊಳಗೆ ಕೋಣೆ ತೆರವು ಮಾಡಿ, ಸೂಟ್‌ಕೇಸುಗಳನ್ನು ಪಕ್ಕದಲ್ಲಿಟ್ಟುಕೊಂಡು ಬುಡಾಪೆಸ್ಟ್‌ನ ದಡದಲ್ಲಿ ನಿಂತ ಮೇಲೆ ಅವರು ಮುಂದಿನ ಊರಿಗೆ ಹೇಗೆ ಹೋದರು ಎಂಬುದನ್ನು ಬರೆದವರು ಕಡಿಮೆ. ಕಳೆದ ಸೆಪ್ಟೆಂಬರ್ ಕೊನೆಯಲ್ಲಿ ನನ್ನ ಪತಿ, ನನ್ನ ಅಕ್ಕ ಮತ್ತು ನಾನು, ಮೂವರೂ ಅರವತ್ತು ದಾಟಿದವರು, ಜರ್ಮನಿಯ ಪಾಸೌನಲ್ಲಿ ಹಡಗು ಹತ್ತಿ ಬುಡಾಪೆಸ್ಟ್‌ನಲ್ಲಿ ಇಳಿದೆವು. ಬೆಂಗಳೂರಿಗೆ ಹಿಂದಿರುಗುವ ನೇರ ವಿಮಾನ ಇದ್ದದ್ದು ಮ್ಯೂನಿಕ್‌ನಿಂದ. ನಡುವಿನ ದೂರವನ್ನು ವಿಯೆನ್ನಾ ಮತ್ತು ಪ್ರಾಗ್‌ಗಳಲ್ಲಿ ತಂಗುತ್ತ, ಮೂರು ಬೇರೆ ಬೇರೆ ಕಂಪನಿಗಳ ಬಸ್ಸುಗಳಲ್ಲಿ ಕ್ರಮಿಸಿದೆವು. ಈ ವಿಮರ್ಶೆ ಆ ಮೂರು ಬಸ್ಸುಗಳದ್ದು, ಮತ್ತು ಬಸ್ಸಿಗಿಂತ ಹೆಚ್ಚಾಗಿ ಅವುಗಳನ್ನು ಹಿಡಿಯಲು ಮಾಡಿಕೊಂಡ ಏರ್ಪಾಡಿನದ್ದು.

ಹಡಗಿನ ಕಂಪನಿಯೇ ಪ್ರವಾಸದ ಕೊನೆಗೆ ಪ್ರಾಗ್‌ವರೆಗಿನ ಒಂದು ವಿಸ್ತರಣೆಯನ್ನು ಮಾರುತ್ತಿತ್ತು. ಪ್ರಾಗ್ ಡ್ಯಾನ್ಯೂಬ್ ದಡದ ಊರಲ್ಲ, ಅದು ವಲ್ಟಾವಾ ನದಿಯ ಮೇಲಿದೆ. ಆದ್ದರಿಂದ ‘ಪ್ರಾಗ್‌ನಿಂದ ಬುಡಾಪೆಸ್ಟ್’ ಎಂದು ಜಾಹೀರಾತು ಮಾಡುವ ಡ್ಯಾನ್ಯೂಬ್ ಪ್ರವಾಸಗಳಲ್ಲೆಲ್ಲ ಪ್ರಾಗ್‌ನ ಭಾಗ ರಸ್ತೆಯ ಮೇಲೇ ನಡೆಯುತ್ತದೆ. ಎರಡು ರಾತ್ರಿಯ ಹೋಟೆಲ್ ಮತ್ತು ಒಂದು ಬಸ್ ಪ್ರಯಾಣಕ್ಕೆ ಅವರು ಕೇಳಿದ ಮೊತ್ತದಲ್ಲಿ ನಾವು ವಿಯೆನ್ನಾ, ಪ್ರಾಗ್ ಎರಡನ್ನೂ ನೋಡಿ ಮ್ಯೂನಿಕ್ ತಲುಪಬಹುದೆಂದು ಲೆಕ್ಕ ಹಾಕಿದ ಮೇಲೆ ಅದನ್ನು ಬಿಟ್ಟೆವು. ಆದರೂ ಮಂಡಿ ನೋವಿರುವವರಿಗೆ ಅಥವಾ ಮೊಬೈಲಿನಲ್ಲಿ ಟಿಕೆಟ್ ತೋರಿಸುವುದೆಂದರೆ ದಿಗಿಲಾಗುವವರಿಗೆ ಆ ದುಬಾರಿ ವಿಸ್ತರಣೆ ದಂಡವೆಂದು ನಾನು ಹೇಳಲಾರೆ. ಹಡಗಿನ ಬಾಗಿಲಿನಿಂದ ಹೋಟೆಲಿನ ಬಾಗಿಲಿಗೆ ಬೇರೊಬ್ಬರು ಪೆಟ್ಟಿಗೆ ಹೊರುವುದಕ್ಕೆ ಒಂದು ಬೆಲೆಯಿದೆ, ಮತ್ತು ಆ ಬೆಲೆ ಎಷ್ಟೆಂಬುದು ಸ್ವತಃ ಹೊತ್ತ ಮೇಲೆ ಚೆನ್ನಾಗಿ ತಿಳಿಯುತ್ತದೆ.

ಬಸ್ಸಿನ ಯೋಜನೆ ಶುರುವಾದದ್ದು ಬೆಂಗಳೂರಿನಲ್ಲಿ, ವೀಸಾ ಅರ್ಜಿಯ ಜೊತೆಗೆ. ಜರ್ಮನಿ, ಆಸ್ಟ್ರಿಯಾ, ಸ್ಲೊವಾಕಿಯಾ, ಹಂಗೇರಿ, ಚೆಕ್ ದೇಶ ಐದೂ ಷೆಂಗೆನ್ ವಲಯದೊಳಗಿರುವುದರಿಂದ ಒಂದೇ ವೀಸಾ ಸಾಕು. ಆದರೆ ಅರ್ಜಿಯನ್ನು ಹೆಚ್ಚು ದಿನ ತಂಗುವ ದೇಶಕ್ಕೆ ಸಲ್ಲಿಸಬೇಕಾದ್ದರಿಂದ ಯಾವ ರಾತ್ರಿ ಎಲ್ಲಿ ಎಂಬ ಪಟ್ಟಿಯನ್ನು ಮೊದಲೇ ಖಚಿತ ಮಾಡಿಕೊಳ್ಳಬೇಕು. ಬುಡಾಪೆಸ್ಟ್‌ನಿಂದ ಕೆಳಗೆ ಬೆಲ್‌ಗ್ರೇಡ್‌ವರೆಗೆ ಹೋಗುವ ಹಡಗುಗಳೂ ಇವೆ. ಸರ್ಬಿಯಾ ಷೆಂಗೆನ್‌ಗೆ ಸೇರಿಲ್ಲ. ಅಲ್ಲಿಗೆ ಹೋಗಿ ಬಸ್ಸಿನಲ್ಲಿ ಮತ್ತೆ ಹಂಗೇರಿಗೆ ಮರಳುವ ಯೋಚನೆಯಿದ್ದರೆ ಒಂದೇ ಪ್ರವೇಶದ ವೀಸಾ ನಡೆಯುವುದಿಲ್ಲವೆಂಬುದನ್ನು ನೆನಪಿಡಬೇಕು. ಟಿಕೆಟುಗಳನ್ನೂ ನಾವು ಊರಿನಲ್ಲಿದ್ದಾಗಲೇ ಕೊಂಡೆವು. ಅದಕ್ಕೆ ಒಂದು ಕಾರಣ ದರ: ಅಲ್ಲಿಯ ಬಸ್ ದರಗಳು ವಿಮಾನದ ದರಗಳಂತೆ ದಿನ ಹತ್ತಿರವಾದ ಹಾಗೆ, ಆಸನ ತುಂಬಿದ ಹಾಗೆ ಏರುತ್ತವೆ. ಇನ್ನೊಂದು ಕಾರಣ ನಮ್ಮ ಬ್ಯಾಂಕ್ ಕಾರ್ಡ್: ಅದರಲ್ಲಿ ವಿದೇಶಿ ವಹಿವಾಟನ್ನು ನಾವೇ ತೆರೆದುಕೊಳ್ಳಬೇಕು, ಪ್ರತಿ ಪಾವತಿಗೂ ಒಟಿಪಿ ಬರಬೇಕು, ಒಟಿಪಿ ಬರಲು ಊರಿನ ಸಿಮ್ ಜೀವಂತವಾಗಿರಬೇಕು. ಹಡಗಿನ ಕುಂಟುವ ವೈಫೈಯಲ್ಲಿ ಈ ಮೂರನ್ನೂ ಒಟ್ಟಿಗೆ ಕೂಡಿಸಲು ಹೆಣಗಿದ ಸಹಪ್ರಯಾಣಿಕರನ್ನು ನೋಡಿ ನಮ್ಮ ಮುಂದಾಲೋಚನೆಗೆ ನಾವೇ ಬೆನ್ನು ತಟ್ಟಿಕೊಂಡೆವು.

ಆ ಬೆನ್ನು ತಟ್ಟಿಕೆ ಹೆಚ್ಚು ದಿನ ಉಳಿಯಲಿಲ್ಲ. ಹಡಗು ಬುಡಾಪೆಸ್ಟ್ ತಲುಪುತ್ತದೆ ಎಂಬುದು ಕರಪತ್ರದ ಮಾತು. ನದಿಯ ಮಾತು ಬೇರೆ. ಜರ್ಮನಿಯ ಬವೇರಿಯಾದಲ್ಲಿ ಸ್ಟ್ರೌಬಿಂಗ್ ಮತ್ತು ವಿಲ್ಸ್‌ಹೋಫೆನ್ ನಡುವೆ ಡ್ಯಾನ್ಯೂಬ್‌ಗೆ ಅಣೆಕಟ್ಟುಗಳಿಲ್ಲದೆ ನೀರು ತನ್ನಷ್ಟಕ್ಕೆ ಹರಿಯುವುದರಿಂದ ಬೇಸಿಗೆ ಒಣಗಿದ ವರ್ಷಗಳಲ್ಲಿ ಅಲ್ಲಿ ಹಡಗಿನ ತಳಕ್ಕೆ ಸಾಕಷ್ಟು ನೀರೇ ಇರುವುದಿಲ್ಲ. ಇದಕ್ಕೆ ತದ್ವಿರುದ್ಧವಾಗಿ 2024ರ ಸೆಪ್ಟೆಂಬರ್ ನಡುವಿನಲ್ಲಿ ಬಿದ್ದ ಮಹಾಮಳೆಗೆ ಆಸ್ಟ್ರಿಯಾ ಮತ್ತು ಹಂಗೇರಿಯ ಭಾಗದಲ್ಲಿ ನದಿ ಉಕ್ಕಿ ಹಡಗು ಸಂಚಾರವೇ ನಿಂತಿತ್ತು. ಇಂಥ ಸಂದರ್ಭಗಳಲ್ಲಿ ಹಡಗಿನ ಕಂಪನಿಗಳು ಪ್ರಯಾಣಿಕರನ್ನು ಬಸ್ಸಿನಲ್ಲಿ ಸಾಗಿಸುತ್ತವೆ, ಇಲ್ಲವೇ ಪ್ರವಾಸವನ್ನು ಬೇರೊಂದು ಊರಿನಲ್ಲೇ ಮುಗಿಸುತ್ತವೆ. ಆದ್ದರಿಂದ ಹಡಗು ಇಳಿಯುವ ದಿನವೇ ಹತ್ತುವ ಬಸ್ಸಿಗೆ ಹಣ ಹಿಂದಿರುಗದ ಟಿಕೆಟ್ ಕೊಳ್ಳುವುದು ಜಾಣತನವಲ್ಲ. ನಾವು ಕೊಂಡದ್ದು ಅದೇ ದಿನದ ಟಿಕೆಟ್. ಆದರೆ ನಮ್ಮ ಮೊದಲ ಬಸ್ಸಿನ ಕಂಪನಿಯಾದ ಫ್ಲಿಕ್ಸ್‌ಬಸ್‌ನಲ್ಲಿ ಹೊರಡುವುದಕ್ಕೆ ಸ್ವಲ್ಪ ಮುಂಚಿನವರೆಗೂ ಟಿಕೆಟ್ ರದ್ದು ಮಾಡಿ, ಶುಲ್ಕ ಕಳೆದು ಉಳಿದ ಮೊತ್ತವನ್ನು ವೋಚರ್ ರೂಪದಲ್ಲಿ ಪಡೆಯುವ ಅವಕಾಶವಿತ್ತು. ಆ ಧೈರ್ಯದ ಮೇಲೆ ಕೊಂಡೆವು. ಈಗ ಕೇಳಿದರೆ ಬುಡಾಪೆಸ್ಟ್‌ನಲ್ಲಿ ಒಂದು ರಾತ್ರಿಯಾದರೂ ಉಳಿದು ಮರುದಿನದ ಬಸ್ಸು ಹಿಡಿಯಿರಿ ಎನ್ನುತ್ತೇನೆ. ಉಳಿಯುವುದಕ್ಕೆ ಆ ಊರು ತಕ್ಕುದಾಗಿದೆ ಕೂಡ.

ಇನ್ನೊಂದು ಅನಿಶ್ಚಿತತೆ ಹಡಗುಕಟ್ಟೆಯದು. ಬುಡಾಪೆಸ್ಟ್‌ನಲ್ಲಿ ನದಿಯ ಎರಡೂ ದಡಗಳ ಉದ್ದಕ್ಕೂ ಹಡಗುಕಟ್ಟೆಗಳಿವೆ. ನಮ್ಮ ಹಡಗು ಯಾವುದರಲ್ಲಿ ನಿಲ್ಲುತ್ತದೆಂಬುದು ಊರು ತಲುಪುವ ಹಿಂದಿನ ಸಂಜೆ ಹಡಗಿನ ಸ್ವಾಗತದ ಮೇಜಿನಲ್ಲಿ ಅಂಟಿಸಿದ ಚೀಟಿಯಿಂದ ತಿಳಿಯಿತು. ಊರಿನಲ್ಲಿ ಕುಳಿತು ಗೂಗಲ್ ನಕ್ಷೆಯಲ್ಲಿ ನಾನು ಬರೆದಿಟ್ಟುಕೊಂಡಿದ್ದ ದಾರಿ ಅದರೊಂದಿಗೆ ವ್ಯರ್ಥವಾಯಿತು. ವಿಯೆನ್ನಾಕ್ಕೆ ಹೋಗುವ ಅಂತರರಾಷ್ಟ್ರೀಯ ಬಸ್ಸುಗಳು ಹೊರಡುವ ನೇಪ್‌ಲಿಗೆಟ್ ನಿಲ್ದಾಣ ನದಿಯಿಂದ ದೂರ, ನಗರದ ಆಗ್ನೇಯ ದಿಕ್ಕಿನಲ್ಲಿ, ಅದೇ ಹೆಸರಿನ ದೊಡ್ಡ ಉದ್ಯಾನದ ಎದುರಿಗಿದೆ. ಮೆಟ್ರೋದ ನೀಲಿ ಬಣ್ಣದ ಮೂರನೆಯ ಮಾರ್ಗ ನೇರವಾಗಿ ಅಲ್ಲಿಗೆ ಒಯ್ಯುತ್ತದೆ. ನದಿಯ ಪೂರ್ವಕ್ಕಿರುವ ಪೆಸ್ಟ್ ದಡದ ದಕ್ಷಿಣ ಭಾಗದಲ್ಲಿ ಇಳಿದವರಿಗೆ ಕಾಲ್ವಿನ್ ತೇರ್ ಹತ್ತಿರದ ನಿಲ್ದಾಣ, ಅಲ್ಲಿಂದ ನಾಲ್ಕನೆಯದೇ ನೇಪ್‌ಲಿಗೆಟ್. ‘ತೇರ್’ ಎಂದರೆ ಅವರ ಭಾಷೆಯಲ್ಲಿ ಚೌಕ. ಹಿಂದಿನ ದಿನ ಊರು ಸುತ್ತುವಾಗ ಪ್ರತಿ ತಿರುವಿನಲ್ಲೂ ಈ ಪದ ಕೇಳಿದ ಅಕ್ಕ, “ಇಷ್ಟು ತೇರುಗಳಿದ್ದೂ ಒಂದೂ ಎಳೆಯುವುದು ಕಾಣಿಸಲಿಲ್ಲವಲ್ಲೇ” ಎಂದಿದ್ದಳು.

ನಾವು ಮೆಟ್ರೋ ಹಿಡಿಯಲಿಲ್ಲ. ಮೂರು ದೊಡ್ಡ ಸೂಟ್‌ಕೇಸುಗಳನ್ನು ಕಲ್ಲುಹಾಸಿನ ಮೇಲೆ ಎಳೆದು, ಟ್ರಾಮ್ ಹಳಿ ದಾಟಿ, ನೆಲದಡಿಗೆ ಇಳಿಸುವುದು ಮೂವರು ಹಿರಿಯರಿಗೆ ಆಗದ ಮಾತಾಗಿತ್ತು. ಹಡಗಿನಲ್ಲಿ ವಿಚಾರಿಸಿದಾಗ ಅವರು ಗೊತ್ತುಮಾಡಿಕೊಡುವ ವ್ಯಾನಿಗೆ ಹೇಳಿದ ದರ ನಮ್ಮ ಮೂವರ ವಿಯೆನ್ನಾ ಟಿಕೆಟಿಗಿಂತ ಹೆಚ್ಚಾಗಿತ್ತು. ರಸ್ತೆಗೆ ನಡೆದು ಬಂದು ಆ್ಯಪಿನ ಮೂಲಕ ಟ್ಯಾಕ್ಸಿ ಕರೆದೆವು. ವ್ಯಾನಿನ ದರದ ಮೂರನೆಯ ಒಂದು ಭಾಗದಲ್ಲಿ ಕೆಲಸ ಮುಗಿಯಿತು. ಬುಡಾಪೆಸ್ಟ್‌ನಲ್ಲಿ 2013ರಿಂದ ಎಲ್ಲ ಟ್ಯಾಕ್ಸಿಗಳೂ ಹಳದಿ ಬಣ್ಣದವೇ ಆಗಿರಬೇಕು, ಮೀಟರ್ ದರವೂ ಒಂದೇ ಇರಬೇಕು ಎಂಬ ನಿಯಮವಿದೆ. ಅಲ್ಲಿ ಚೌಕಾಸಿಯೂ ಬೇಕಿಲ್ಲ, ಹೆದರಿಕೆಯೂ ಬೇಕಿಲ್ಲ. ಹಡಗು ಒಂಬತ್ತಕ್ಕೆ ಇಳಿಸುತ್ತದೆಂದು ಹತ್ತರ ಬಸ್ಸಿಗೆ ಟಿಕೆಟ್ ಮಾಡಿಸಿದ್ದ ಇನ್ನೊಂದು ಕುಟುಂಬ ಟ್ಯಾಕ್ಸಿಯ ಸಾಲಿನಲ್ಲೇ ಬಸ್ಸನ್ನು ಕಳೆದುಕೊಂಡಿತು. ನಮ್ಮದು ಮಧ್ಯಾಹ್ನ ಹನ್ನೆರಡರ ನಂತರದ ಬಸ್ಸು. ಅಷ್ಟು ಅಂತರ ಇಟ್ಟುಕೊಂಡದ್ದು ಈ ಇಡೀ ಯೋಜನೆಯಲ್ಲಿ ನಾವು ಮಾಡಿದ ಅತ್ಯುತ್ತಮ ಕೆಲಸ.

ನೇಪ್‌ಲಿಗೆಟ್ ನಿಲ್ದಾಣದಲ್ಲಿ ಕನ್ನಡಿಗರು ಗಮನಿಸಬೇಕಾದ ಒಂದು ತೊಡಕಿದೆ. ಫಲಕದಲ್ಲಿ ವಿಯೆನ್ನಾ ಎಂಬ ಹೆಸರನ್ನು ಹುಡುಕಿದರೆ ಸಿಗದೇ ಹೋಗಬಹುದು, ಏಕೆಂದರೆ ಹಂಗೇರಿಯವರು ಆ ಊರನ್ನು ‘ಬೇಚ್’ ಎನ್ನುತ್ತಾರೆ. ಬ್ರಾಟಿಸ್ಲಾವಾ ಅವರಿಗೆ ‘ಪೊಜೋನ್’. ಪ್ರಾಗ್‌ಗೆ ಹೋದ ಮೇಲೆ ವಿಯೆನ್ನಾ ‘ವೀಡೆನ್’ ಆಗುತ್ತದೆ, ಮ್ಯೂನಿಕ್ ‘ಮ್ನಿಖೊಫ್’ ಆಗುತ್ತದೆ. ಊಟಿಯ ಬಸ್ಸಿಗೆ ಕಾದು ಕುಳಿತು ಉದಗಮಂಡಲಂ ಎಂಬ ಫಲಕ ಹೊತ್ತ ಬಸ್ಸನ್ನು ಕಳೆದುಕೊಂಡವರಿಗೆ ಇದು ಹೊಸದಲ್ಲ. ಆದರೆ ನಮ್ಮ ಮೆಜೆಸ್ಟಿಕ್‌ನಲ್ಲಿ ಕಂಡಕ್ಟರ್ ಬಾಗಿಲಲ್ಲಿ ನಿಂತು ಊರಿನ ಹೆಸರು ಕೂಗುತ್ತಾನೆ. ಅಲ್ಲಿ ಕೂಗುವವರು ಯಾರೂ ಇಲ್ಲ. ಟಿಕೆಟಿನಲ್ಲಿರುವ ಬಸ್ಸಿನ ಮಾರ್ಗ ಸಂಖ್ಯೆಯನ್ನು ಬಸ್ಸಿನ ಮುಂದಿನ ಗಾಜಿನ ಸಂಖ್ಯೆಯೊಂದಿಗೆ ಹೊಂದಿಸಿ ನೋಡುವುದೊಂದೇ ದಾರಿ. “ಏನೇ, ಈ ಬಸ್ಸಿಗೆ ಕಂಡಕ್ಟರ್ರೇ ಇಲ್ಲವಾ?” ಎಂದು ಅಕ್ಕ ಮೂರು ಬಸ್ಸುಗಳಲ್ಲೂ ಕೇಳಿದಳು. ಚಾಲಕನೇ ಟಿಕೆಟಿನ ಕ್ಯೂಆರ್ ಸಂಕೇತವನ್ನು ಓದಿ, ಪಾಸ್‌ಪೋರ್ಟ್ ನೋಡಿ, ಪೆಟ್ಟಿಗೆ ಇರಿಸಿ, ಬಸ್ಸನ್ನೂ ಓಡಿಸುತ್ತಾನೆ.

ಫ್ಲಿಕ್ಸ್‌ಬಸ್‌ನ ಹಸಿರು ಬಸ್ಸು ಈಗ ನಮ್ಮವರಿಗೂ ಅಪರಿಚಿತವಲ್ಲ. 2024ರಲ್ಲಿ ಮೊದಲು ದೆಹಲಿಯ ಸುತ್ತ, ಆನಂತರ ಬೆಂಗಳೂರಿನಿಂದಲೂ ಅದರ ಸೇವೆ ಶುರುವಾಯಿತು. ಅದರ ಹುಟ್ಟು ಮ್ಯೂನಿಕ್‌ನಲ್ಲಿ. ರೈಲ್ವೆಯನ್ನು ಕಾಪಾಡಲೆಂದು ಜರ್ಮನಿ 1930ರ ದಶಕದಿಂದ ದೂರದ ಊರುಗಳ ನಡುವಿನ ಬಸ್ಸುಗಳನ್ನು ಬಹುಮಟ್ಟಿಗೆ ನಿರ್ಬಂಧಿಸಿತ್ತು. 2013ರ ಜನವರಿ 1ರಂದು ಆ ಕಟ್ಟು ಸಡಿಲವಾದಾಗ ಹುಟ್ಟಿದ ಹಲವು ಕಂಪನಿಗಳಲ್ಲಿ ಇದೂ ಒಂದು. 2015ರಲ್ಲಿ ತನ್ನ ದೊಡ್ಡ ಪ್ರತಿಸ್ಪರ್ಧಿಯೊಂದಿಗೆ ವಿಲೀನವಾಗಿ, ಮುಂದೆ ಉಳಿದವನ್ನೂ ಒಂದೊಂದಾಗಿ ಕೊಂಡು, 2021ರಲ್ಲಿ ಅಮೆರಿಕದ ಬಸ್ ಕಂಪನಿ ಗ್ರೇಹೌಂಡ್‌ಅನ್ನೂ ತನ್ನದಾಗಿಸಿಕೊಂಡಿತು. ಗ್ರಾಹಕರಿಗೆ ತಿಳಿದಿರಬೇಕಾದದ್ದು ಇಷ್ಟು: ಬಹುಪಾಲು ಬಸ್ಸುಗಳು ಅದರ ಸ್ವಂತದ್ದಲ್ಲ. ಆಯಾ ದೇಶದ ಬಸ್ ಮಾಲೀಕರು ಬಸ್ಸು ಮತ್ತು ಚಾಲಕನನ್ನು ಒದಗಿಸುತ್ತಾರೆ. ಬಣ್ಣ, ವೇಳಾಪಟ್ಟಿ, ದರ, ಟಿಕೆಟ್ ಮಾತ್ರ ಕಂಪನಿಯದು. ಆದ್ದರಿಂದ ಒಂದೇ ಹಸಿರು ಬಣ್ಣದ ಎರಡು ಬಸ್ಸುಗಳ ಆಸನ, ಸ್ವಚ್ಛತೆ, ಚಾಲಕನ ಮಾತಿನ ರೀತಿ ಒಂದೇ ತೆರನಾಗಿರಬೇಕೆಂದಿಲ್ಲ, ಮತ್ತು ಯಾರೋ ಒಬ್ಬರ ಅನುಭವವನ್ನು, ನನ್ನದನ್ನೂ ಸೇರಿಸಿ, ಇಡೀ ಕಂಪನಿಗೆ ಅನ್ವಯಿಸಿ ಓದಬಾರದು.

ನಮಗೆ ದೊರೆತ ಬಸ್ಸು ಚೆನ್ನಾಗಿಯೇ ಇತ್ತು. ಹನ್ನೆರಡು ನಿಮಿಷ ತಡವಾಗಿ ಹೊರಟು, ವಿಯೆನ್ನಾವನ್ನು ಸಮಯಕ್ಕೆ ಸರಿಯಾಗಿ ತಲುಪಿತು. ಆಸನದ ಅಗಲ ನಮ್ಮ ಐರಾವತದಷ್ಟೇ, ಹಿಂದಕ್ಕೆ ಬಾಗುವುದು ಅದಕ್ಕಿಂತ ಕಡಿಮೆ. ಮೊಬೈಲ್ ಚಾರ್ಜ್ ಮಾಡಲು ಅನುಕೂಲವಿತ್ತು, ನಡುವಿನ ಬಾಗಿಲ ಬಳಿ ಶೌಚಾಲಯವಿತ್ತು. ಸುಮಾರು ಮೂರು ಗಂಟೆಯ ಹಾದಿ ಬಯಲು ಸೀಮೆಯದು: ಗಾಳಿಯಂತ್ರಗಳ ತೋಪುಗಳನ್ನು ಬಿಟ್ಟರೆ ಕಣ್ಣಿಗೆ ಕೆಲಸವಿಲ್ಲ. ಗಡಿಯಲ್ಲಿ ಆಸ್ಟ್ರಿಯಾದ ಪೊಲೀಸರು ಬಸ್ಸು ಹತ್ತಿ ಪಾಸ್‌ಪೋರ್ಟ್ ನೋಡಿದರು. ಷೆಂಗೆನ್ ಒಳಗೆ ಗಡಿಯೇ ಇಲ್ಲವೆಂದು ನಂಬಿ ಪಾಸ್‌ಪೋರ್ಟನ್ನು ಸೂಟ್‌ಕೇಸಿನಲ್ಲಿಟ್ಟು ಬಸ್ಸಿನ ಹೊಟ್ಟೆಗೆ ಹಾಕಿದ್ದ ಒಬ್ಬ ತರುಣನಿಗಾಗಿ ಬಸ್ಸು ನಿಂತು ಬಾಗಿಲು ತೆಗೆಸಬೇಕಾಯಿತು. 2015ರ ನಂತರ ಹಂಗೇರಿಯ ಗಡಿಯಲ್ಲಿ ಆಸ್ಟ್ರಿಯಾ ಈ ತಪಾಸಣೆಯನ್ನು ಮತ್ತೆ ಮತ್ತೆ ಮುಂದುವರಿಸಿಕೊಂಡು ಬಂದಿದೆ.

ಕಷ್ಟ ಬಂದದ್ದು ಲಗೇಜಿನಲ್ಲಿ, ಮತ್ತು ಅದು ಪೂರ್ತಿ ನಮ್ಮದೇ ತಪ್ಪು. ಟಿಕೆಟಿನೊಂದಿಗೆ ತಲಾ 20 ಕಿಲೋದ ಒಂದು ಪೆಟ್ಟಿಗೆ ಮತ್ತು 7 ಕಿಲೋದ ಒಂದು ಕೈಚೀಲವನ್ನು ಒಯ್ಯಬಹುದು. ಹೆಚ್ಚಿನ ಪೆಟ್ಟಿಗೆಗೆ ಮುಂಗಡವಾಗಿ ಬೇರೆ ಹಣ ಕಟ್ಟಬೇಕು. ಬೆಂಗಳೂರಿನಿಂದ ವಿಮಾನದಲ್ಲಿ 23 ಕಿಲೋ ಲೆಕ್ಕದಲ್ಲಿ ತುಂಬಿಸಿ ತಂದ ಪೆಟ್ಟಿಗೆಗಳಿಗೆ ಹಡಗಿನ ಅಂಗಡಿಯ ಸಾಮಾನು, ಪಪ್ರಿಕಾ ಪುಡಿಯ ಪೊಟ್ಟಣಗಳು, ಅಕ್ಕ ಕೊಂಡ ಹೆರೆಂಡ್ ಪಿಂಗಾಣಿಯ ಡಬ್ಬಿ ಸೇರಿದ್ದವು. ಬಸ್ಸಿನವರಲ್ಲಿ ತಕ್ಕಡಿ ಇರುವುದಿಲ್ಲ, ಆದರೆ ಎತ್ತಿ ಒಳಗಿಡುವ ಚಾಲಕನ ಸೊಂಟಕ್ಕೆ ತೂಕ ತಿಳಿಯುತ್ತದೆ. ಆತ ಒಮ್ಮೆ ಪೆಟ್ಟಿಗೆಯನ್ನು, ಒಮ್ಮೆ ನನ್ನ ಪತಿಯನ್ನು ನೋಡಿ, ಏನೂ ಹೇಳದೆ ಪಕ್ಕಕ್ಕೆ ಸರಿದು ನಿಂತ. ಪತಿಯೇ ಎತ್ತಿಟ್ಟರು. ಹಡಗು ಪ್ರವಾಸದಲ್ಲಿ ಏಳು ದಿನ ಪೆಟ್ಟಿಗೆಯನ್ನು ಮುಟ್ಟುವ ಅಗತ್ಯವೇ ಇರುವುದಿಲ್ಲವಾದ್ದರಿಂದ ಅದರ ಭಾರ ಮರೆತುಹೋಗಿರುತ್ತದೆ. ಮುಂದೆ ಬಸ್ಸಿನಲ್ಲಿ ತಿರುಗುವ ಯೋಚನೆಯಿರುವವರು ಪ್ರತಿಯೊಬ್ಬರೂ ತಾವೇ ಎತ್ತಬಲ್ಲಷ್ಟು ಭಾರದ ಪೆಟ್ಟಿಗೆಯನ್ನು ಮಾತ್ರ ತರಬೇಕು. ಇದು ಕಂಪನಿಯ ನಿಯಮಕ್ಕಿಂತ ಕಟ್ಟುನಿಟ್ಟಾದ ಅಳತೆ.

ಇಷ್ಟಾಗಿಯೂ ಈ ಮೊದಲ ಹಾದಿಗೆ ನಾನು ಬಸ್ಸನ್ನು ಶಿಫಾರಸು ಮಾಡುವುದಿಲ್ಲ. ಬುಡಾಪೆಸ್ಟ್‌ನಿಂದ ವಿಯೆನ್ನಾಕ್ಕೆ ರೈಲು ಎರಡು ಮುಕ್ಕಾಲು ಗಂಟೆಯ ಒಳಗೇ ತಲುಪುತ್ತದೆ, ದಿನವಿಡೀ ಓಡುತ್ತದೆ, ಇಳಿಸುವುದು ನಗರದ ಮುಖ್ಯ ನಿಲ್ದಾಣದಲ್ಲಿ. ನಮ್ಮ ಬಸ್ಸು ಇಳಿಸಿದ್ದು ಎರ್ಡ್‌ಬೆರ್ಗ್‌ನಲ್ಲಿ, ದೊಡ್ಡ ಹೆದ್ದಾರಿಯ ಮೇಲ್ಸೇತುವೆಯ ಕೆಳಗಿರುವ ನಿಲ್ದಾಣದಲ್ಲಿ. ಮೆಟ್ರೋದ ಮೂರನೆಯ ಮಾರ್ಗ ಪಕ್ಕದಲ್ಲೇ ಇದೆ, ನಗರದ ನಡುವಿನ ಸ್ಟೆಫಾನ್ಸ್‌ಪ್ಲಾಟ್ಸ್‌ಗೆ ರೈಲು ಬದಲಾಯಿಸದೆ ಹೋಗಬಹುದು, ಅದು ಸರಿ. ಆದರೂ ಸೇತುವೆಯ ಕೆಳಗಿನ ಆ ಮಬ್ಬಿನಲ್ಲಿ ಇಳಿದಾಗ, ನಾಲ್ಕು ದಿನಗಳ ಹಿಂದೆ ಹಡಗಿನಿಂದ ನೋಡಿದ ವಿಯೆನ್ನಾ ಇದೇನಾ ಎಂಬ ಅನುಮಾನ ಬಂತು. ರೈಲಿನ ಟಿಕೆಟನ್ನು ಬೇಗ ಕೊಂಡರೆ ದರದ ವ್ಯತ್ಯಾಸವೂ ಹೆಚ್ಚಿರುವುದಿಲ್ಲ. ನಾವು ಉಳಿಸಿದ್ದು ಮೂವರಿಂದ ಸೇರಿ ವಿಯೆನ್ನಾದ ಹೆಸರಾಂತ ಸ್ಯಾಕರ್ ಚಾಕಲೇಟ್ ಕೇಕಿನ ಎರಡು ತುಂಡುಗಳಷ್ಟು.

ಬ್ರಾಟಿಸ್ಲಾವಾದಲ್ಲಿ ಹಡಗು ಮುಗಿಯುವವರಿಗೆ ಮಾತ್ರ ಈ ಮಾತು ತಿರುಗುಮುರುಗಾಗುತ್ತದೆ. ಅಲ್ಲಿ ಹಡಗುಕಟ್ಟೆ ಹಳೆಯ ಪೇಟೆಯ ಅಂಚಿನಲ್ಲಿದೆ, ಸೇತುವೆಯ ಕೆಳಗಿನ ಬಸ್ ತಂಗುದಾಣ ನಡೆದು ಹೋಗುವಷ್ಟು ಹತ್ತಿರ, 2021ರಲ್ಲಿ ತೆರೆದ ನಿವಿ ಎಂಬ ಹೊಸ ಬಸ್ ನಿಲ್ದಾಣ ದೊಡ್ಡ ಮಾಲ್ ಒಂದರ ತಳದಲ್ಲಿದೆ, ವಿಯೆನ್ನಾ ಒಂದು ಗಂಟೆಯ ಸುಮಾರಿನ ಹಾದಿ. ಅಲ್ಲಿ ಬಸ್ಸೇ ಸರಿ.

ವಿಯೆನ್ನಾದಲ್ಲಿ ಎರಡು ದಿನ ಕಳೆದು ಪ್ರಾಗ್‌ಗೆ ಹೋದದ್ದು ರೆಜಿಯೋಜೆಟ್ ಎಂಬ ಚೆಕ್ ಕಂಪನಿಯ ಹಳದಿ ಬಸ್ಸಿನಲ್ಲಿ. 1990ರ ದಶಕದಲ್ಲಿ ರಾಡಿಮ್ ಯಾಂಚುರಾ ಎಂಬುವರು ಬ್ರ್ನೋ ನಗರದಲ್ಲಿ ವಿದ್ಯಾರ್ಥಿಗಳಿಗೆ ವಿದೇಶಗಳಲ್ಲಿ ಕೆಲಸ ಕೊಡಿಸುವ ಒಂದು ಏಜೆನ್ಸಿ ನಡೆಸುತ್ತಿದ್ದರು; ಅದೇ ಬಸ್ಸುಗಳನ್ನು ಓಡಿಸತೊಡಗಿ, 2011ರಿಂದ ರೈಲುಗಳನ್ನೂ ಓಡಿಸುತ್ತಿದೆ. ವಿಯೆನ್ನಾದಲ್ಲಿ ದೂರದ ಬಸ್ಸುಗಳು ಹೊರಡುವ ಜಾಗ ಒಂದಕ್ಕಿಂತ ಹೆಚ್ಚು ಇರುವುದರಿಂದ ಟಿಕೆಟಿನ ಮೇಲಿನ ನಿಲ್ದಾಣದ ಹೆಸರನ್ನು ಹಿಂದಿನ ದಿನವೇ ಹೋಗಿ ನೋಡಿಬರುವುದು ಒಳ್ಳೆಯದು. ನಾವು ನೋಡಿಬಂದೆವು, ಆದ್ದರಿಂದ ಇದರ ಬಗ್ಗೆ ಹೇಳಲು ಕಥೆಯೇನೂ ಹುಟ್ಟಲಿಲ್ಲ.

ಮೂರರಲ್ಲಿ ಮನಸ್ಸಿಗೆ ಹಿಡಿಸಿದ್ದು ಈ ಬಸ್ಸು. ನಮ್ಮ ಬಸ್ಸಿನಲ್ಲಿ ಪರಿಚಾರಕಿಯೊಬ್ಬಳಿದ್ದಳು (ಎಲ್ಲ ಬಸ್ಸುಗಳಲ್ಲೂ ಇರುವುದಿಲ್ಲವಂತೆ). ಹೊರಟ ಸ್ವಲ್ಪ ಹೊತ್ತಿಗೆ ಎಲ್ಲರಿಗೂ ಬಿಸಿ ಕಾಫಿ, ಚಹಾ ಕೊಟ್ಟಳು, ಅದಕ್ಕೆ ಬೇರೆ ಹಣವಿಲ್ಲ. ಎದುರಿನ ಆಸನದ ಬೆನ್ನಿಗೆ ಸಿನಿಮಾ ನೋಡುವ ಪರದೆಯಿತ್ತು. ಕಾಫಿ ನಮ್ಮ ಫಿಲ್ಟರ್ ಕಾಫಿಯ ಹತ್ತಿರಕ್ಕೂ ಬರುವಂಥದ್ದಲ್ಲ, ಆದರೆ ಹತ್ತು ದಿನದಿಂದ ಪ್ರತಿ ಲೋಟ ನೀರಿಗೂ ಹಣ ಕೊಟ್ಟು ರೂಢಿಯಾಗಿದ್ದ ನಮಗೆ ಉಚಿತ ಎಂಬುದೇ ಒಂದು ರುಚಿಯಾಗಿತ್ತು. ಮಿಕುಲೊವ್ ಬಳಿ ಗಡಿ ದಾಟುವಾಗ ದ್ರಾಕ್ಷಿ ತೋಟಗಳ ನಡುವೆ ಬೆಟ್ಟದ ಮೇಲಿನ ಕೋಟೆ ಕಾಣಿಸುತ್ತದೆ, ಬಲಗಡೆಗಿಂತ ಎಡಗಡೆ ಕುಳಿತವರಿಗೋ ಎಡಗಡೆಗಿಂತ ಬಲಗಡೆ ಕುಳಿತವರಿಗೋ ಚೆನ್ನಾಗಿ ಕಂಡಿತೆಂಬ ಬಗ್ಗೆ ನನಗೂ ಅಕ್ಕನಿಗೂ ಇಂದಿಗೂ ಒಮ್ಮತವಿಲ್ಲ. ಬ್ರ್ನೋದಲ್ಲಿ ಅರ್ಧ ಬಸ್ಸು ಇಳಿದು ಇನ್ನರ್ಧ ಹತ್ತಿತು. ಅಲ್ಲಿಂದ ಪ್ರಾಗ್‌ವರೆಗಿನ ಹೆದ್ದಾರಿಯಲ್ಲಿ ವಾಹನ ದಟ್ಟಣೆಯಿತ್ತು. ಫ್ಲೋರೆಂಟ್ಸ್ ನಿಲ್ದಾಣ ಪ್ರಾಗ್‌ನ ನಡುಭಾಗದಲ್ಲೇ ಇದೆ, ಎರಡು ಮೆಟ್ರೋ ಮಾರ್ಗಗಳು ಅಲ್ಲಿ ಕೂಡುತ್ತವೆ, ನಮ್ಮ ಹೋಟೆಲಿಗೆ ಪೆಟ್ಟಿಗೆ ಎಳೆದುಕೊಂಡು ನಡೆದೇ ಹೋದೆವು. ರೈಲು ಕೂಡ ಈ ಹಾದಿಯನ್ನು ನಾಲ್ಕು ಗಂಟೆಯ ಆಸುಪಾಸಿನಲ್ಲಿ ಮುಗಿಸುತ್ತದೆ. ದಟ್ಟಣೆಯಿಲ್ಲದ ದಿನ ಬಸ್ಸಿಗೂ ಅದಕ್ಕೂ ಹೆಚ್ಚು ಅಂತರವಿಲ್ಲ. ಯಾವುದು ಅಗ್ಗವೋ ಅದನ್ನು ಆರಿಸಬಹುದು.

ಪ್ರಾಗ್‌ನಿಂದ ಮ್ಯೂನಿಕ್‌ಗೆ ಹೋಗುವವರಿಗೆ ಮಾತ್ರ ಬಸ್ಸನ್ನೇ ಆರಿಸಿ ಎಂದು ಧೈರ್ಯವಾಗಿ ಹೇಳಬಲ್ಲೆ. ಎರಡು ದೊಡ್ಡ ನಗರಗಳ ನಡುವೆ ವೇಗದ ರೈಲಿಲ್ಲ. ಗಡಿಯ ಗುಡ್ಡಗಾಡಿನ ಹಳೆಯ ಹಾದಿಯ ಒಂದು ಭಾಗಕ್ಕೆ ವಿದ್ಯುತ್ತೂ ಇಲ್ಲದ್ದರಿಂದ ಡೀಸೆಲ್ ಎಂಜಿನ್ನಿನ ರೈಲು ಸುತ್ತಿ ಬಳಸಿ ಐದೂವರೆ ಗಂಟೆಗೂ ಹೆಚ್ಚು ತೆಗೆದುಕೊಳ್ಳುತ್ತದೆ. ಬಸ್ಸು ಪಿಲ್ಸೆನ್ ಕಡೆಯ ಹೆದ್ದಾರಿಯಲ್ಲಿ ಐದು ಗಂಟೆಯ ಸುಮಾರಿನಲ್ಲಿ ತಲುಪುತ್ತದೆ, ದರ ರೈಲಿನದರ ಅರ್ಧ. ಐದು ಗಂಟೆಯ ಬಸ್ಸಿಗೆ ನಡುವೆ ಒಂದು ದೀರ್ಘ ನಿಲುಗಡೆ ಏಕೆಂದು ನಮ್ಮ ಪಕ್ಕದವರೊಬ್ಬರು ಗೊಣಗುತ್ತಿದ್ದರು. ಯುರೋಪಿನ ಕಾನೂನಿನಲ್ಲಿ ಚಾಲಕ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ ಒಟ್ಟು 45 ನಿಮಿಷ ವಿಶ್ರಾಂತಿ ಪಡೆಯಲೇಬೇಕು, ದಿನಕ್ಕೆ ಸಾಮಾನ್ಯವಾಗಿ ಒಂಬತ್ತು ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ, ಮತ್ತು ಈ ಲೆಕ್ಕವೆಲ್ಲ ಬಸ್ಸಿನ ಯಂತ್ರದಲ್ಲೇ ದಾಖಲಾಗುತ್ತದೆ. ರಾತ್ರಿಯಿಡೀ ಒಬ್ಬನೇ ಚಾಲಕ ಘಾಟಿ ಇಳಿಸುವುದನ್ನು ಕಂಡ ನಮಗೆ ಆ ನಿಲುಗಡೆ ಸಮಾಧಾನವನ್ನೇ ಕೊಟ್ಟಿತು.

ಈ ಮೂರನೆಯ ಬಸ್ಸು ಹೊರಡುವಾಗಲೇ ತಡವಾಯಿತು. ಮೊದಲೆರಡು ಕಂಪನಿಗಳಿಗೆ ಸಂಬಂಧವಿಲ್ಲದ, ಇನ್ನೊಂದು ಕಂಪನಿಯದು ಅದು, ಹೆಸರು ಹೇಳುವುದಿಲ್ಲ. ನಾವು ಹೊರಟದ್ದು ಶನಿವಾರ, ಮ್ಯೂನಿಕ್‌ನಲ್ಲಿ ಅಕ್ಟೋಬರ್‌ಫೆಸ್ಟ್ ಎಂಬ ಬಿಯರ್ ಹಬ್ಬ ನಡೆಯುತ್ತಿತ್ತು. ಹೆಸರಿನಲ್ಲಿ ಅಕ್ಟೋಬರ್ ಇದ್ದರೂ ಅದು ಸೆಪ್ಟೆಂಬರ್ ನಡುವಿನಲ್ಲೇ ಶುರುವಾಗುತ್ತದೆಂಬುದನ್ನು ಯೋಜನೆ ಮಾಡುವಾಗ ನಾನು ಗಮನಿಸಿರಲಿಲ್ಲ. ಆ ಎರಡು ವಾರ ಮ್ಯೂನಿಕ್‌ನ ಹೋಟೆಲ್ ದರ ಎರಡು ಮೂರು ಪಟ್ಟಾಗುತ್ತದೆ, ಬಸ್ಸುಗಳು ತುಂಬಿ ತುಳುಕುತ್ತವೆ, ಸಹಪ್ರಯಾಣಿಕರು ಬೆಳಗ್ಗೆಯೇ ಚರ್ಮದ ಚಡ್ಡಿ ತೊಟ್ಟು ಹಾಡುತ್ತ ಬರುತ್ತಾರೆ. ಬಸ್ಸು ಬರಬೇಕಾದ ಸಮಯಕ್ಕೆ ಮೊಬೈಲಿಗೆ ಅರ್ಧ ಗಂಟೆ ತಡವೆಂಬ ಸಂದೇಶ ಬಂತು. ಆಮೇಲೆ ಇನ್ನೊಂದು, ಆಮೇಲೆ ಮತ್ತೊಂದು. ಫಲಕದಲ್ಲಿ ನಿಲುಗಡೆಯ ಸಂಖ್ಯೆ ಎರಡು ಬಾರಿ ಬದಲಾಯಿತು. ಕೇಳಲು ಆ ಕಂಪನಿಯ ಜನ ಯಾರೂ ಇರಲಿಲ್ಲ, ಕರೆ ಮಾಡಿದರೆ ಧ್ವನಿಮುದ್ರಿಕೆ. ನಿಲ್ದಾಣದ ಬೆಂಚಿನ ಮೇಲೆ ಕುಳಿತು ಹೋಟೆಲಿನಲ್ಲಿ ಬಿಸಿನೀರು ಹಾಕಿ ಕಲಸಿ ತಂದಿದ್ದ ಗೊಜ್ಜವಲಕ್ಕಿಯನ್ನು ಬಿಚ್ಚಿದೆವು. ಶೌಚಾಲಯಕ್ಕೆ ಹೋಗಲು ಚೆಕ್ ಕೊರೂನದ ಚಿಲ್ಲರೆ ಬೇಕಿತ್ತು. ಕೊನೆಯ ದಿನವೆಂದು ಹಿಂದಿನ ರಾತ್ರಿಯೇ ಅದನ್ನೆಲ್ಲ ಖರ್ಚು ಮಾಡಿದ್ದೆವು. ಹಂಗೇರಿಯಲ್ಲಿ ಫೊರಿಂಟ್, ಚೆಕ್ ದೇಶದಲ್ಲಿ ಕೊರೂನ, ಉಳಿದ ಮೂರರಲ್ಲಿ ಯೂರೋ. ಬಸ್ಸು ಹತ್ತುವವರೆಗೆ ಆಯಾ ದೇಶದ ನಾಣ್ಯ ನಾಲ್ಕಾರು ಜೇಬಿನಲ್ಲಿರಲಿ.

ಬಸ್ಸು ಹೊರಟದ್ದು ಒಂದು ಗಂಟೆ ಐವತ್ತು ನಿಮಿಷ ತಡವಾಗಿ. ಜರ್ಮನಿಯ ಗಡಿಯಾದ ವೈಡ್‌ಹೌಸ್‌ನಲ್ಲಿ ಪೊಲೀಸರು ಎಲ್ಲರ ಪಾಸ್‌ಪೋರ್ಟ್ ನೋಡಿದರು. 2024ರ ಸೆಪ್ಟೆಂಬರ್‌ನಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ನಡೆಸುತ್ತಿರುವುದರಿಂದ ವೇಳಾಪಟ್ಟಿಯ ಮೇಲೆ ಅರ್ಧ ಗಂಟೆಯನ್ನು ಕೂಡಿಸಿಯೇ ಲೆಕ್ಕ ಹಾಕಬೇಕು. ವಿಮಾನ ಮರುದಿನದ್ದಾಗಿತ್ತು. ಅದೇ ದಿನದ್ದಾಗಿದ್ದರೆ ಈ ವಿಮರ್ಶೆಯ ಧ್ವನಿ ಬೇರೆಯಾಗುತ್ತಿತ್ತು. ಮ್ಯೂನಿಕ್‌ನ ಕೇಂದ್ರ ಬಸ್ ನಿಲ್ದಾಣ ಹಾಕರ್‌ಬ್ರ್ಯೂಕೆ ಎಂಬ ಸೇತುವೆಯ ಪಕ್ಕದಲ್ಲಿದೆ, ಮುಖ್ಯ ರೈಲು ನಿಲ್ದಾಣ ಅಲ್ಲಿಂದ ಒಂದೇ ನಿಲುಗಡೆ, ಎಸ್8 ಎಂಬ ನಗರ ರೈಲು ಅಲ್ಲಿಂದ ನೇರವಾಗಿ ವಿಮಾನ ನಿಲ್ದಾಣಕ್ಕೆ ಮುಕ್ಕಾಲು ಗಂಟೆಯ ಒಳಗೆ ಒಯ್ಯುತ್ತದೆ. ವಿಮಾನ ಹಿಡಿಯುವವರಿಗೆ ಇದಕ್ಕಿಂತ ಅನುಕೂಲದ ಬಸ್ ನಿಲ್ದಾಣವನ್ನು ಈ ಪ್ರವಾಸದಲ್ಲಿ ನಾನು ಕಾಣಲಿಲ್ಲ.

ತಡವಾದದ್ದಕ್ಕೆ ಪರಿಹಾರದ ಪ್ರಶ್ನೆಯನ್ನು ನಾನು ಊರಿಗೆ ಬಂದ ಮೇಲೆ ಎತ್ತಿಕೊಂಡೆ. ಯುರೋಪಿಯನ್ ಒಕ್ಕೂಟದಲ್ಲಿ ಬಸ್ ಪ್ರಯಾಣಿಕರ ಹಕ್ಕುಗಳ ಕಾನೂನು 2013ರ ಮಾರ್ಚ್‌ನಿಂದ ಜಾರಿಯಲ್ಲಿದೆ. 250 ಕಿಲೋಮೀಟರ್ ಅಥವಾ ಅದಕ್ಕಿಂತ ದೂರದ ಮಾರ್ಗಗಳಲ್ಲಿ ಬಸ್ಸು ಎರಡು ಗಂಟೆಗಿಂತ ಹೆಚ್ಚು ತಡವಾಗಿ ಹೊರಟರೆ ಅಥವಾ ರದ್ದಾದರೆ ಹಣ ವಾಪಸು ಇಲ್ಲವೇ ಬೇರೆ ಬಸ್ಸು, ಎರಡರಲ್ಲಿ ಒಂದನ್ನು ಆರಿಸುವ ಅವಕಾಶ ಕೊಡಬೇಕು. ಆ ಆಯ್ಕೆಯನ್ನೇ ಕೊಡದಿದ್ದರೆ ಟಿಕೆಟಿನ ಅರ್ಧದಷ್ಟು ಪರಿಹಾರ. ಮೂರು ಗಂಟೆಗಿಂತ ದೀರ್ಘ ಪ್ರಯಾಣ ಒಂದೂವರೆ ಗಂಟೆಗಿಂತ ಹೆಚ್ಚು ತಡವಾಗಿ ಶುರುವಾದರೆ ತಿಂಡಿ ಅಥವಾ ಪಾನೀಯ ಒದಗಿಸಬೇಕು. ಬುಡಾಪೆಸ್ಟ್‌ನಿಂದ ವಿಯೆನ್ನಾ ಆ 250ರ ಗೆರೆಯ ಅಂಚಿನಲ್ಲೇ ತೂಗಾಡುವ ದೂರ. ಪ್ರಾಗ್‌ನಿಂದ ಮ್ಯೂನಿಕ್ ಮಾತ್ರ ಅನುಮಾನವಿಲ್ಲದೆ ಒಳಗೆ ಬರುತ್ತದೆ. ನಮ್ಮ ತಡ ಎರಡು ಗಂಟೆಗೆ ಹತ್ತು ನಿಮಿಷ ಕಡಿಮೆಯಾದ್ದರಿಂದ ಹಣದ ಮಾತಿಲ್ಲ, ತಿಂಡಿಯ ಹಕ್ಕು ಮಾತ್ರ ಇತ್ತು. ದೂರನ್ನು ಮೂರು ತಿಂಗಳೊಳಗೆ ಸಲ್ಲಿಸಬೇಕು, ಕಂಪನಿ ಒಂದು ತಿಂಗಳೊಳಗೆ ಮೊದಲ ಉತ್ತರ ಕೊಡಬೇಕು ಎಂಬ ನಿಯಮವನ್ನು ಉಲ್ಲೇಖಿಸಿ ಬರೆದೆ. ಇಪ್ಪತ್ತಾರನೆಯ ದಿನ ಸೌಜನ್ಯದ ಉತ್ತರ ಬಂತು: ಕಾಯುವ ಹೊತ್ತಿನಲ್ಲಿ ತಿಂಡಿಗೆ ಮಾಡಿದ ಖರ್ಚಿನ ರಸೀದಿಗಳನ್ನು ಕಳುಹಿಸಿದರೆ ಪರಿಶೀಲಿಸುವುದಾಗಿ ಬರೆದಿದ್ದರು. ಗೊಜ್ಜವಲಕ್ಕಿಗೆ ರಸೀದಿ ಇರಲಿಲ್ಲ.